ಮುಚ್ಚಳದ ಮೇಲೆ

ಹೆಲ್ದುರ್ ದೋಣಿಗೆ ಬಳಿಯುವ ಬಣ್ಣದ ಡಬ್ಬಿ,
ಅದರ ಬಿಳಿ ಮುಚ್ಚಳ ಈಗ ನನ್ನ ಪಾಟಿ.
ಮರಳುಕಾಗದದಲ್ಲಿ ಉಜ್ಜಿ ಉಜ್ಜಿ ತರಿತರಿ ಮಾಡಿದ್ದೇನೆ,
ನೀರಿನೊಳಗೂ ಪೆನ್ಸಿಲ್ ಹಿಡಿಯುತ್ತದೆ.
ಪೆನ್ಸಿಲ್ಲಿಗೊಂದು ದಾರ; ಇಲ್ಲದಿದ್ದರೆ
ಮರದ ಜಾತಿ, ತೇಲಿ ಹೋಗಿಬಿಡುತ್ತದೆ ಮೇಲಕ್ಕೆ.

ಸಾರೆಮಾ ದ್ವೀಪದ ಜುಲೈ. ಕಡಲಿಗೆ ಉಪ್ಪು ಅಷ್ಟಕ್ಕಷ್ಟೆ,
ಹಾಕಲು ಮರೆತು ಆಮೇಲೆ ಚಿಟಿಕೆ ಉದುರಿಸಿದ ಹಾಗೆ.
ಚಳಿಯೇನೋ ಧಾರಾಳ.
ಆಳ ಎರಡು ಮಾರು. ಉಸಿರು ಕಟ್ಟಿ ಮುಳುಗಿದರೆ
ನಲವತ್ತು ಎಣಿಸುವಷ್ಟು ಹೊತ್ತು ನನ್ನದು.
ಅಷ್ಟರಲ್ಲಿ ಒಂದು ಗೆರೆ, ಹೆಚ್ಚೆಂದರೆ ಎರಡು.

ಮೀನು ಕೂರುವುದಿಲ್ಲ.
ಮೂತಿ ಬರೆಯುವಷ್ಟರಲ್ಲಿ ಬಾಲವೂ ಇಲ್ಲ.
ಮುಚ್ಚಳದ ತುಂಬ ಅರ್ಧರ್ಧ ಪರ್ಚ್‌ಗಳು:
ಒಂದರ ಪಟ್ಟೆ, ಇನ್ನೊಂದರ ಬೆನ್ನಮುಳ್ಳು,
ಯಾರದೋ ಕಣ್ಣು.
ಸಾಕಾಗಿ ಹುಲ್ಲಿಗೆ ಶರಣಾದೆ.
ಕಡಲಹುಲ್ಲಿಗೆ ಬೇರಿದೆ, ಎಲ್ಲಿಗೂ ಹೋಗುವುದಿಲ್ಲ
ಎಂದುಕೊಂಡಿದ್ದೆ. ಅದೂ ನಿಲ್ಲುವುದಿಲ್ಲ;
ಅಲೆ ಬಂದರೆ ಇಡೀ ಬಯಲು ದಡದ ಕಡೆ ಬಾಗಿ
ಏನೋ ಕೇಳಿಸಿಕೊಂಡು ಮತ್ತೆ ಹಿಂದಕ್ಕೆ.

ಒಂದೇ ಬುಡ ಆರಿಸಿಕೊಂಡೆ. ಏಳು ಎಲೆ.
ಇಡೀ ಬೆಳಗು, ಇಪ್ಪತ್ತು ಮುಳುಗು.
ಐದನೆಯದು ಸಪೂರ, ತುದಿ ಕೊಂಚ ಡೊಂಕು,
ಒಂದು ಮಗ್ಗುಲಿಗೆ ಚುಕ್ಕಿ ಚುಕ್ಕಿ, ಮರಿ ಶಂಖವೋ ಹೊಲಸೋ,
ಇದ್ದ ಹಾಗೇ ಇಟ್ಟೆ.

ಸಂಜೆ ಹೆಲ್ದುರ್ ಹೊಗೆಯಲ್ಲಿ ಬೆಂದ ಚಪ್ಪಟೆ ಮೀನು ತಂದ,
ಎಂದಿನಂತೆ ಮುಚ್ಚಳ ಕೇಳಿದ. ಬಣ್ಣ ಕೆನೆಗಟ್ಟುತ್ತಿದೆಯಂತೆ.
ಕೊಟ್ಟೆ. ಕನ್ನಡಕ ಹಣೆಗೇರಿಸಿ ನೋಡಿದ.
ಜಿಡ್ಡಿನ ಬೆರಳು ಐದನೆಯ ಎಲೆಯ ಮೇಲೆ ನಿಂತಿತು.
‘ಇದು ಹುಲ್ಲಲ್ಲ. ಸೂಜಿಮೀನು. ಗಂಡು.
ಈ ಚುಕ್ಕಿ ಮೊಟ್ಟೆ. ಹೆಣ್ಣು ಹೊಟ್ಟೆಗೆ ಅಂಟಿಸಿ ಹೋಗ್ತಾಳೆ,
ಹೊರೋದು ಇವನು.’
ಇನ್ನೊಂದು ತುಂಡು ರೊಟ್ಟಿ ಮುರಿದುಕೊಂಡ.

ಕಣ್ಣನ್ನೂ ಬರೆದಿದ್ದೆ ನಾನು,
ಎಲೆಯಲ್ಲೊಂದು ತೂತು ಎಂದುಕೊಂಡು.
ಇಪ್ಪತ್ತು ಸಲ ಇಳಿದೆ, ಇಪ್ಪತ್ತು ಸಲವೂ
ಅದು ಹುಲ್ಲಾಗಿಯೇ ನಿಂತುಕೊಟ್ಟಿತು ನನಗೆ.
ಮೀನು ಕೂರುವುದಿಲ್ಲವೆಂದು ಗೊಣಗಿದವಳು ಯಾರು?

ಹಲ್ಲುಪುಡಿ ಹಾಕಿ ಮುಚ್ಚಳ ತಿಕ್ಕುವುದು ರಾತ್ರಿಯ ಕೆಲಸ,
ಮರುದಿನಕ್ಕೆ ಬಿಳಿ ಬೇಕಲ್ಲ.
ಪರ್ಚ್‌ಗಳೆಲ್ಲ ಹೋದವು. ಐದನೆಯ ಎಲೆಗೆ ಬಂದು
ಕೈ ತೊಳೆದುಕೊಂಡೆ.

ಹೆಲ್ದುರ್ ಆಮೇಲೆ ಕೇಳಲಿಲ್ಲ.
ಡಬ್ಬಿಯ ಮೇಲೊಂದು ತಟ್ಟೆ ಮುಚ್ಚಿ ಕಲ್ಲು ಹೇರಿದ್ದಾನೆ.
ದೋಣಿಯ ಎಡಮಗ್ಗುಲು ನೀಲಿ.
ಬಲಕ್ಕೆ ಇನ್ನೂ ಹಳೆಯ ಮರ.