ಇಪ್ಪತ್ತು ಮಿಲಿಗ್ರಾಂ

ಔಲು ಪಟ್ಟಣದಲ್ಲಿ ಜನವರಿ. ಒಂಬತ್ತೂವರೆಯಾದರೂ
ಸೂರ್ಯ ಕೆಲಸಕ್ಕೆ ಬಂದಿಲ್ಲ. ನಾನು ಬಂದಿದ್ದೇನೆ.

ನಿನ್ನೆ ಸಂಜೆಯೇ ಇಲಿಗಳ ಕಾಳಿನ ತಟ್ಟೆ ತೆಗೆದಿದ್ದೆ.
ರಾತ್ರಿಯಿಡೀ ಹೊಟ್ಟೆಗೆ ತಣ್ಣೀರು ಬಟ್ಟೆ.
ಪ್ರೋಟೋಕಾಲಿನಲ್ಲಿ ಇದಕ್ಕೆ
ಹದಿನಾಲ್ಕು ತಾಸಿನ ಉಪವಾಸ ಎಂದು ಹೆಸರು,
ಯಾವುದೋ ವ್ರತದ ಹಾಗೆ.

ಆರನೆಯ ಇಲಿ, ಕಿವಿಯಲ್ಲಿ ಎರಡು ತೂತು.
ಅದರ ಕೊನೆಯ ಕ್ಷಣವನ್ನು ಇಲ್ಲಿ ಬರೆಯುವುದಿಲ್ಲ;
ಅದಕ್ಕೆ ಬೇರೆ ಪುಸ್ತಕವಿದೆ, ಸಹಿ ಹಾಕಿದ್ದೇನೆ.

ಹೊಟ್ಟೆಯಡಿಯ ಕೊಬ್ಬು, ಎರಡು ಎಸಳು.
ಕತ್ತರಿಗೆ ಸಿಕ್ಕಿಯೂ ಸಿಗದೆ ಜಾರುತ್ತದೆ.
ಚೂರಿಗೆ ಇಪ್ಪತ್ತು ಮಿಲಿಗ್ರಾಂ ಇರಬೇಕು.
ಇಪ್ಪತ್ತೆರಡು. ಹದಿನೆಂಟು. ಹತ್ತೊಂಬತ್ತೂ ಮುಕ್ಕಾಲು.
"ಸಾಕು ಬಿಡು," ಎನ್ನುತ್ತಾನೆ ತಾರ್ಮೊ,
"ಚಿನ್ನವೇನೂ ತೂಗುತ್ತಿಲ್ಲ ನೀನು."

ಅಲ್ಲವೇ?
ಕೊಬ್ಬೆಂದರೆ ಸೊಕ್ಕು ಎಂದು ಬೈಯುವವರು
ಇಲ್ಲೊಂದು ಚಳಿಗಾಲ ಕಳೆದು ನೋಡಲಿ.
ಇದು ತನ್ನೊಳಗೇ ಹೂತಿಟ್ಟುಕೊಂಡ ಗಂಟು.

ಮೂವತ್ತೇಳು ಡಿಗ್ರಿಯ ತೊಟ್ಟಿಯಲ್ಲಿ
ಮೈಯಿಲ್ಲದೆ ಮೈಬಿಸಿ.
ಗಾಬರಿಯನ್ನೂ ನಾವೇ ಹನಿಸುತ್ತೇವೆ
ಪಿಪೆಟ್ಟಿನ ತುದಿಯಿಂದ, ಅಳೆದು:
ಓಡು, ಬೆಕ್ಕು ಬಂತು, ಚಳಿ ಬಂತು, ಉಣ್ಣಲೇನಿಲ್ಲ.
ಓಡಬೇಕಾದ ಇಲಿ ಇಲ್ಲ.
ಆದರೂ ಚೂರು ನಂಬುತ್ತದೆ,
ಗಂಟು ಬಿಚ್ಚುತ್ತದೆ.

ಬಿಡುಗಡೆಯಾದ ಆಮ್ಲಗಳ ಮಾತು ನೆಚ್ಚುವಂತಿಲ್ಲ.
ಕೆಲವು ಅರ್ಧ ದಾರಿಯಿಂದ ಮನೆಗೆ ಮರಳಿ
ಹೋಗಿಯೇ ಇರಲಿಲ್ಲವೆಂಬಂತೆ ಮಲಗುತ್ತವೆ.
ಗ್ಲಿಸರಾಲ್ ಹಾಗಲ್ಲ.
ಅದನ್ನು ಮತ್ತೆ ಒಳಗೆ ಸೇರಿಸಿಕೊಳ್ಳುವ ಕೈ
ಈ ಕೋಶಕ್ಕೆ ಇಲ್ಲವೆನ್ನುವಷ್ಟು ಕಡಿಮೆ.
ಹೊರಟದ್ದು ಹೊರಟಿತು.
ಆದ್ದರಿಂದ ಸಾಕ್ಷಿ ಅದೇ.

ಅಜ್ಜಿ ಇಂಪಿ ಯುದ್ಧದ ವರ್ಷ
ಪೈನ್ ತೊಗಟೆ ಬೆರೆಸಿದ ರೊಟ್ಟಿ ತಿಂದವಳು.
ಕೇಳಿದರೆ, ಅಷ್ಟೇನೂ ಇರಲಿಲ್ಲ ಎನ್ನುತ್ತಿದ್ದಳು,
ಮಾತು ಬದಲಿಸಿ ಕಾಫಿ ಸುರಿಯುತ್ತಿದ್ದಳು.
ಅವಳು ಹೋದ ಮೇಲೆ ಪೆಟ್ಟಿಗೆಯಲ್ಲಿ ಒಂದು ಲಂಗ ಸಿಕ್ಕಿತು,
ಕಂದು ಉಣ್ಣೆ. ಸೊಂಟಪಟ್ಟಿಯಲ್ಲಿ
ಕೊಕ್ಕೆ ಕಿತ್ತು ಹೊಲಿದ ಗುರುತು,
ಒಳಕ್ಕೆ, ಇನ್ನೂ ಒಳಕ್ಕೆ, ನಾಲ್ಕು ಸಲ.
ತಾರೀಖಿಲ್ಲ, ಕಂಟ್ರೋಲ್ ಗುಂಪಿಲ್ಲ.
ನಾನು ಅಳತೆಪಟ್ಟಿ ಹಿಡಿದೆ, ಬಿಡಲಾಗಲಿಲ್ಲ:
ಹನ್ನೊಂದು ಸೆಂಟಿಮೀಟರ್.

ಮೂರನೆಯ ತಾಸು.
ತಟ್ಟೆಯ ಗುಣಿಗಳಿಗೆ ದ್ರವ ಹಾಕಿ ಕಾಯುತ್ತೇನೆ.
ಗುಲಾಬಿ ಏರುತ್ತದೆ, ಚಳಿಗೆ ಕೆನ್ನೆ ಕೆಂಪಾದಂತೆ.
ಗಾಬರಿ ಕುಡಿದ ಸಾಲು ಗಾಢ.
ಆದರೆ ಅದರ ಪಕ್ಕದ ಸಾಲು, ಯಾರೂ ಹೆದರಿಸದ ಚೂರುಗಳದು,
ಅದೂ ಪೂರ್ತಿ ಬಿಳಿಯಲ್ಲ.
ಸುಮ್ಮನೆ ಕೂತರೂ ಇಷ್ಟಿಷ್ಟೇ ಕರಗುತ್ತಿರುತ್ತದೆ,
ಗ್ರಾಂ ಲೆಕ್ಕಕ್ಕೆ ಭಾಗಿಸಿದರೆ
ಅದಕ್ಕೂ ಒಂದು ಅಂಕಿ ಬರುತ್ತದೆ.

ಸಿ-ನಾಲ್ಕರಲ್ಲಿ ಗುಳ್ಳೆ. ಅದನ್ನು ಬಿಟ್ಟು ಸರಾಸರಿ.

ಕಿಟಕಿಯಾಚೆ ಸೂರ್ಯ ಬಂದು
ಹಾಜರಿ ಹಾಕಿ ಹೊರಟೂ ಆಯಿತು.
ಊಟದ ಕೋಣೆಯಲ್ಲಿ ತಾರ್ಮೊ
ರೈ ರೊಟ್ಟಿಗೆ ಬೆಣ್ಣೆ ಹಚ್ಚುತ್ತಿದ್ದಾನೆ, ತೂಗದೆ.
ನನಗೂ ಒಂದು ಎಂದೆ.