ಒಳರೋಗಿ, ಹೊರರೋಗಿ

ನಾನು ಡಾಕ್ಟರಲ್ಲ, ಕಾಂಪೌಂಡರೂ ಅಲ್ಲ.
ಮಾಗಡಿ ರೋಡಿನ ಸರ್ಜಿಕಲ್ ಅಂಗಡಿಯಿಂದ
ಬಾಡಿಗೆಗೆ ಹೋಗುವ ಮಂಚ, ಗಾಲಿಕುರ್ಚಿ, ವಾಕರು,
ಕಕ್ಕಸಿನ ಕುರ್ಚಿ, ಗಾಳಿ ತುಂಬುವ ಹಾಸಿಗೆ
ಹೆಗಲ ಮೇಲೆ ಹತ್ತಿಸುವವನು,
ಮತ್ತೆ ಇಳಿಸಿ ತರುವವನು.
ಇಳಿಸುವಾಗ ಯಾರೂ ಮಾತಾಡುವುದಿಲ್ಲ.
ಹತ್ತಿಸುವಾಗ ಎಲ್ಲ ಮನೆಯಲ್ಲೂ ಒಂದೇ ಪ್ರಶ್ನೆ:
"ಇದಕ್ಕೆ ಕಾರ್ಡು ನಡೆಯುತ್ತಾ, ಅಣ್ಣಾ?"

ಶ್ರೀರಾಂಪುರ, ಆರನೇ ಅಡ್ಡರಸ್ತೆ, ಮೂರನೇ ಮಹಡಿ.
ಮೆಟ್ಟಿಲ ಮೇಲೆ ಎರಡು ಸೈಕಲ್ಲು, ಒಂದು ನೀರಿನ ಡ್ರಮ್ಮು.
ಹದಿನಾರು ಕೆ.ಜಿ. ಆಕ್ಸಿಜನ್ ಮಷೀನು ಹೊತ್ತು
ಎರಡನೇ ತಿರುವಿನಲ್ಲಿ ನಿಂತು ಏದುಸಿರು ಬಿಟ್ಟೆ.
ಮೇಲಿಂದ ಗೌರಕ್ಕ "ನಿಧಾನ, ನಿಧಾನ" ಅಂದಳು,
ಗಂಡನಿಗೆ ಹೇಳಿ ಹೇಳಿ ರೂಢಿಯಾದ ದನಿಯಲ್ಲಿ.

ಮುನಿಯಲ್ಲಪ್ಪ ಇಪ್ಪತ್ತೆರಡು ವರ್ಷ ಗ್ರಾನೈಟು ಕುಯ್ದವನು.
ಊರವರ ಅಡಿಗೆಕಟ್ಟೆಗಳು ಹೊಳೆಯುತ್ತಿವೆ,
ಆ ಹೊಳಪಿನ ಪುಡಿ ಇವನ ಎದೆಯಲ್ಲಿ.
ಶೆಡ್ಡಿನವರು ಪುಸ್ತಕದಲ್ಲಿ ಹೆಸರು ಬರೆಯಲಿಲ್ಲ,
ಸಂಬಳದಲ್ಲಿ ಇ.ಎಸ್.ಐ. ಹಿಡಿಯಲಿಲ್ಲ.
ಹಿಡಿಯದ್ದೇ ಉಪಕಾರ ಅಂದುಕೊಂಡಿದ್ದರು ಆಗ.

ಹನ್ನೊಂದು ದಿನ ಆಸ್ಪತ್ರೆಯಲ್ಲಿ
ಕಾರ್ಡು ಧಣಿಯ ಹಾಗೆ ನಡೆಯಿತು:
ಹಾಸಿಗೆ, ಸೂಜಿ, ಎಕ್ಸ್‌ರೇ, ಗೋಡೆಯಿಂದ ಬರುವ ಗಾಳಿ,
ಒಂದು ರೂಪಾಯಿ ಕೇಳಲಿಲ್ಲ ಯಾರೂ.
ಹನ್ನೆರಡನೇ ದಿನ ಚೀಟಿ ಕೊಟ್ಟರು:
ಮನೆಯಲ್ಲಿ ಆಮ್ಲಜನಕ, ದಿನಕ್ಕೆ ಹದಿನೈದು ಗಂಟೆ.
ಆರೋಗ್ಯಮಿತ್ರ ಹುಡುಗಿ ಒಳ್ಳೆಯವಳು,
ಕಂಪ್ಯೂಟರನ್ನೇ ಈ ಕಡೆ ತಿರುಗಿಸಿ ತೋರಿಸಿದಳು:
"ಒಳರೋಗಿಗೆ ಇದೆ ಅಮ್ಮಾ.
ಮನೆಗೆ ಹೋದಮೇಲೆ ಹೊರರೋಗಿ."

ಗೌರಕ್ಕ ಇದನ್ನು ನನಗೆ ಎರಡು ಸಲ ಹೇಳಿದಳು,
ಒಂದು ಸಲ ನಗುತ್ತಾ.
ಹೊಸಿಲು ದಾಟಲಾರ,
ಬಚ್ಚಲಿಗೂ ಗೋಡೆ ಹಿಡಿದೇ ಹೋಗುತ್ತಾನೆ,
ಹತ್ತಡಿ ಕೋಣೆಯಲ್ಲಿ ಕಿಟಕಿ ಪಕ್ಕ ಕೂತವನು
ಹೊರರೋಗಿ ಹೇಗಾದ?
ಕಾರ್ಡು ಮಾಡಿಸುವಾಗ ಮನೆ ವಿಳಾಸ ಕೇಳಿದ್ದರು.
ಕಾರ್ಡಿಗೆ ಮನೆ ಗೊತ್ತಿಲ್ಲ.

"ಮತ್ತೆ ಉಸಿರು ಕಟ್ಟಿ ಸೇರಿಸಿದರೆ?"
ಆಗ ಎಲ್ಲ ಸಿಗುತ್ತದೆ, ಅಂದೆ.
"ಕಟ್ಟದ ಹಾಗೆ ನೋಡಿಕೊಂಡರೆ?"
ನಾನು ಪ್ಲಗ್ಗು ಹುಡುಕುತ್ತಿದ್ದೆ.

ಮುಂಗಡ ಹತ್ತು ಸಾವಿರ, ತಿಂಗಳಿಗೆ ಐದು.
ಓಲೆ ಬಿಚ್ಚಿದ ಕಿವಿಗೆ ಕಸಬರಿಕೆ ಕಡ್ಡಿ ಸಿಕ್ಕಿಸಿದ್ದಳು.
ಸೊನ್ನೆ ಬರುತ್ತಿದ್ದ ಕರೆಂಟು ಬಿಲ್ಲಿಗೆ
ಮುಂದಿನ ತಿಂಗಳು ಮೊದಲ ಸಲ ಅಂಕಿ ಬಂತು.

ಈ ಮಷೀನಿಗೆ ಸಣ್ಣದೊಂದು ಗಂಟೆ ಮೀಟರಿದೆ,
ಓಡಿದಷ್ಟನ್ನೂ ಬರೆದುಕೊಳ್ಳುತ್ತದೆ.
ಫಿಲ್ಟರು ತೊಳೆಯಲು ಹೋದಾಗ ಓದಿದೆ.
ತಿಂಗಳಿಗೆ ನಾನೂರೈವತ್ತು ಆಗಬೇಕಿತ್ತು.
ಇನ್ನೂರ ಅರವತ್ತೆರಡು.
ಗೌರಕ್ಕ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.
"ನಿದ್ದೆ ಹತ್ತಿದ ಮೇಲೆ ಆರಿಸ್ತೀನಿ,
ನಿದ್ದೆಯಲ್ಲಿ ಅವರಿಗೆ ಗೊತ್ತಾಗಲ್ಲ."
ಮುನಿಯಲ್ಲಪ್ಪ ಕಿಟಕಿಯ ಕಡೆ ತಿರುಗಿದ.
ಗೊತ್ತಿತ್ತು ಅವನಿಗೆ.
ಬಾಟಲಿಯ ನೀರಿನಲ್ಲಿ ಗುಳ್ಳೆ ಏಳುತ್ತಿತ್ತು,
ಯಾರೋ ಚಿಲ್ಲರೆ ಎಣಿಸಿದ ಹಾಗೆ.

ನಮ್ಮ ಅಂಗಡಿ ರಸೀತಿಯಲ್ಲಿ "ಷರಾ" ಅಂತ ಒಂದು ಖಾನೆ.
ಚಕ್ರ ಸವೆದಿದೆ, ಪೈಪು ಹೊಸದು,
ಇಂಥವು ಬರೆಯುತ್ತೇವೆ ಅಲ್ಲಿ.
ಆ ದಿನ ಮೆಟ್ಟಿಲ ಮೇಲೆ, ನೀರಿನ ಡ್ರಮ್ಮಿನ ಪಕ್ಕ ಕೂತು
ಬರೆದೆ: ಒಳರೋಗಿ.
ಇದರಿಂದ ಯಾವ ಕಚೇರಿಯಿಂದಲೂ ಬಿಡಿಗಾಸು ಬಾರದು.
ಸಂಜೆ ಲೆಕ್ಕ ನೋಡುತ್ತಾ ಮಾಲೀಕ ಕೇಳಿದ,
"ಇದೇನಯ್ಯ ಇದು?"
ವಿಳಾಸ, ಅಂದೆ.