ತೂಕದ ಮನೆಗೆ ಬುತ್ತಿ

ಮೊದಲು ಕರ್ನಲ್ಲು. ಅದುಮಿ ಕಟ್ಟಿದ್ದು, ನಾಲ್ಕು ಎಂಬಿ ಚಿಲ್ಲರೆ.
ಎಲ್ಲ ಬಲ್ಲದು ಅದು. ಯಾರ ಸರದಿ ಯಾವಾಗ,
ನೆನಪಿನ ಯಾವ ಕೋಣೆ ಯಾರಿಗೆ,
ಹರಿದ ಫೈಲನ್ನು ಹೊಲಿಯುವುದು ಹೇಗೆ.
ತನ್ನ ಕೈ ಎಲ್ಲಿದೆ ಅಂತ ಮಾತ್ರ ಗೊತ್ತಿಲ್ಲ.

ಅದಕ್ಕೇ ಇನ್ನೊಂದು. ಪುಸ್ತಕದಲ್ಲಿ ಡಿವೈಸ್ ಟ್ರೀ ಅಂತಾರೆ,
ಹೆಬ್ಬಾಳದ ನಮ್ಮ ಶೆಡ್ಡಿನಲ್ಲಿ ನಾನೂ ನಾಝಿಮಾನೂ
ಅಂಗಪಟ್ಟಿ ಅಂತೇವೆ.
ಇಗೋ ಗಡಿಯಾರ, ಇಗೋ ದೀಪ,
ಮೊದಲ ಬೀದಿಯ ನಲವತ್ತೆಂಟನೇ ಮನೆಯಲ್ಲಿ
ಭಾರ ಅಳೆಯುವ ಚಿಪ್ಪು.

ನಾಝಿಮಾಳ ಮಗಳಿಗೆ ಒಂಬತ್ತು ತಿಂಗಳು.
ಊಟದ ಹೊತ್ತಿಗೆ ಫೋನಿನಲ್ಲಿ ಅಜ್ಜಿ ಕೇಳುತ್ತಾರೆ,
"ನಾಕ್ ಕಾಂ ಹೈ?"
ಮಗು ಕಿವಿ ಹಿಡಿಯುತ್ತದೆ. ನಗುತ್ತೇವೆ.
ಬೋರ್ಡು ಹಾಗೆ ಮಾಡಿದರೆ ಯಾರೂ ನಗುವುದಿಲ್ಲ.

ಮಂಗಳವಾರ ಆರೂಮುಕ್ಕಾಲಿಗೆ ಜವರಪ್ಪನ ಫೋನು,
ಕೊಪ್ಪದ ದಾರಿಯ ತೂಕದ ಮನೆಯಿಂದ.
"ಬೋರ್ಡು ಹೊಸದಾಕುದ್ವಿ ಕಣವ್ವ, ಉಸ್ರೇ ಇಲ್ಲ.
ಇಪ್ಪತ್ತಾರು ಗಾಡಿ ನಿಂತವೆ.
ಕಬ್ಬು ಒಣಗದಷ್ಟೂ ತೂಕ ಯಾರ ಮನೆಗೋಯ್ತದೆ ಹೇಳು?"

ಕಟ್ಟಿದೆ ಬುತ್ತಿ. ಕರ್ನಲ್ಲು ಒಂದು, ಅಂಗಪಟ್ಟಿ ಎರಡು,
ಹಳೇ ಬೋರ್ಡಿಗೊಂದು, ಹೊಸದಕ್ಕೊಂದು.
ಯಾವುದು ಯಾರಿಗೆ ಅಂತ ಮೇಲೊಂದು ಚೀಟಿ,
ನಡುವೆ ಯಾರೂ ಬಿಚ್ಚಿಲ್ಲ ಅನ್ನುವುದಕ್ಕೆ ಮುದ್ರೆ.
ಎಲ್ಲ ಸೇರಿ ಉಗುರಿನಷ್ಟು ಕಾರ್ಡು,
ಕನ್ನಡಕದ ಡಬ್ಬಿಯಲ್ಲಿ.
ಮದ್ದೂರಿನವರೆಗೂ ನಿಂತೇ ಹೋದೆ.
ಪಕ್ಕದವರ ಚೀಲದಲ್ಲಿದ್ದ ಕೋಳಿ
ನನ್ನ ಸೆರಗನ್ನು ಕುಟುಕಿ ಕುಟುಕಿ ನೋಡುತ್ತಿತ್ತು.

ಎಬ್ಬಿಸುವವನು ಸರಿಯಾಗೇ ಎಬ್ಬಿಸಿದ.
ಮುದ್ರೆ ನೋಡಿದ, ಚೀಟಿ ಓದಿದ, ಗಂಟು ಬಿಚ್ಚಿದ,
ಸ್ಟಾರ್ಟಿಂಗ್ ಕರ್ನಲ್ ಅಂದ, ಮೂರು ಚುಕ್ಕಿ ಇಟ್ಟ.
ಆಮೇಲೆ ಏನೂ ಇಲ್ಲ.

ಆ ಮೂರು ಚುಕ್ಕಿಯ ಮುಂದೆ
ಹನ್ನೊಂದು ವರ್ಷದಲ್ಲಿ ಎಷ್ಟು ರಾತ್ರಿ ಕೂತೆನೋ.
ಸತ್ತಿಲ್ಲ ಅದು. ಅಷ್ಟು ಗೊತ್ತು.
ಎದ್ದಿದೆ, ಮಾತೂ ಆಡುತ್ತಿದೆ,
ಬಾಯಿ ಇಲ್ಲದ ಕಡೆಯಿಂದ.

ಬೋರ್ಡು ಮಗುಚಿ ಹಾಕಿದೆ.
ಮೂಲೆಯಲ್ಲಿ ಸಾಸಿವೆಗಿಂತ ಚಿಕ್ಕ ಅಕ್ಷರ, ಸಿ.
ನಮ್ಮ ಪಟ್ಟಿ ಎ ಮತ್ತು ಬಿ.
ಒಂದು ಕಾಗದವನ್ನೂ ಕಳಿಸದೆ
ಬೋರ್ಡು ಮಾಡುವವರು ಮನೆ ಬದಲಾಯಿಸಿದ್ದರು.

ತಾಮ್ರದ ಗೆರೆಯ ಮೇಲೆ ಬೆರಳಿಟ್ಟು ನಡೆದೆ,
ಗೆರೆ ತೂತಿಗಿಳಿದರೆ ಆಚೆ ಮೈಯಲ್ಲಿ ಹುಡುಕಿ.
"ಏನವ್ವ ಉಡುಕ್ತಿದ್ದೀಯೆ?"
"ಇದರ ಬಾಯಿ."
ಜವರಪ್ಪ ನಗಲಿಲ್ಲ.
ಟಾರ್ಚು ಇನ್ನಷ್ಟು ಹತ್ತಿರ ಹಿಡಿದ.

ಬಾಯಿ ಮೂರನೇ ಗೂಡಿನಲ್ಲಿತ್ತು.
ಭಾರದ ಚಿಪ್ಪು ಎರಡನೇ ಬೀದಿಗೆ ಹೋಗಿತ್ತು,
ಮನೆ ನಂಬರು ಮಾತ್ರ ಅದೇ.
ಟ್ರಾಕ್ಟರಿನ ಮಡ್‌ಗಾರ್ಡಿನ ಮೇಲೆ ಲ್ಯಾಪ್‌ಟಾಪು,
ಪಟ್ಟಿ ಮೂರು, ಚೀಟಿ ಹೊಸದು, ಮುದ್ರೆ ಹೊಸದು.
ಹಳೆಯವೆರಡನ್ನೂ ತೆಗೆಯಲಿಲ್ಲ.
ನಾಳೆ ಯಾವ ಮೈ ಬರುತ್ತದೋ.

ಚುಕ್ಕಿ, ಚುಕ್ಕಿ, ಚುಕ್ಕಿ.
ಸಾಲುಗಳು ಇಳಿದವು,
ಕೊಯ್ಲು ಮುಗಿಸಿದ ಆಳುಗಳು ಕೆರೆಗೆ ಇಳಿದ ಹಾಗೆ.
ಗೋಡೆಯ ಮೇಲೆ ಕೆಂಪು ಸೊನ್ನೆ.

ಜವರಪ್ಪ ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದ.
ಎಪ್ಪತ್ತು.
"ಹೋದ ಸುಗ್ಗೀಲಿ ಎಂಬತ್ತಿದ್ದೆ" ಅಂದ,
ಬೋರ್ಡಿಗೋ ನನಗೋ ತಿಳಿಯಲಿಲ್ಲ.

ಮೊದಲ ಗಾಡಿ ಸಣ್ಣತಾಯಮ್ಮನದು.
ಮಧ್ಯಾಹ್ನ ಎರಡರಿಂದ ಗಾಡಿಯ ನೆರಳಲ್ಲೇ ಕೂತಿದ್ದವಳು.
ಚೀಟಿ ಕೈಗೆ ತಗೊಳ್ಳಲಿಲ್ಲ.
"ಈಗ ತಾನೆ ಬಾಯಿ ಎಲ್ಲಿ ಅಂತ ಕಲ್ತದೆ ಅದು.
ಅದು ಹೇಳಿದ್ದ ನಂಬ್ಬುಡದಾ?
ಇನ್ನೊಂದ್ಸತಿ ತೂಗು."

ನ್ಯಾಯವೇ.
ಗಾಡಿ ಹಿಂದಕ್ಕೆ ಬಿಡಿಸಿ
ಮತ್ತೆ ತೂಗಿದೆವು.